ಜೌಗಿನ ಮರದ ಚುಂಗಾಣಿ

ಗರಗಸ ಕಚ್ಚಿದೊಡನೆ ಕೊಟ್ಟಿಗೆಯ ತುಂಬ ಕೆರೆಯ ತಳದ ವಾಸನೆ. ಬೇಸಿಗೆಯಲ್ಲಿ ನೀರಿಳಿದ ಕೆರೆಯಂಗಳಕ್ಕೆ ಕಾಲಿಟ್ಟಾಗ ಹಿಮ್ಮಡಿಯಡಿಯಿಂದ ಏಳುತ್ತದಲ್ಲ, ಹಸಿಮಣ್ಣೂ ಕೊಳೆತೆಲೆಯೂ ಬೆರೆತದ್ದು, ಅದೇ. ಮರ ಕೊಯ್ಯುವಲ್ಲಿ ಇದೆಲ್ಲಿಂದ ಬಂತೆಂದು ಸುತ್ತ ನೋಡಿದೆ. ಮೂಗು ಬಾಯಿಗೆ ದಪ್ಪ ಮುಸುಕು ಕಟ್ಟಿಕೊಂಡ ಹಿರಿಯರು ಮಾತಾಡದೆ ವೈಸಿನಲ್ಲಿ ಸಿಕ್ಕಿಸಿದ್ದ ತುಂಡನ್ನು ತೋರಿಸಿದರು. ಬೀಟೆಗಿಂತ ಕಪ್ಪು. ಆಮೇಲೆ, ‘ನೀವು ಬಾಗಿಲ ಬಳಿಯೇ ನಿಲ್ಲಿ, ಈ ಪುಡಿ ಎದೆಗೆ ಇಳಿಯಬಾರದು’ ಎಂದರು.

ಬಾಗಿಲ ಹೊರಗೆ ಕಣ್ಣು ಹಾಯುವವರೆಗೂ ಜೊಂಡು. ನಡುವೆ ಕಪ್ಪು ನೀರಿನ ಕಾಲುವೆಗಳು, ಉದ್ದನೆಯ ಗಳುವಿನಿಂದ ನೂಕುವ ಚಪ್ಪಟೆ ತಳದ ದೋಣಿಗಳು, ಜೊಂಡನ್ನೇ ಹೊದೆಸಿದ ಮನೆಗಳು. ಲುವಾರ್ ನದಿ ಅಟ್ಲಾಂಟಿಕ್ ಸೇರುವಲ್ಲಿಗೆ ಸಮೀಪದ, ಫ್ರಾನ್ಸಿನ ಬ್ರಿಯೇರ್ ಜೌಗುನಾಡು ಇದು. 1461ರಲ್ಲಿ ಬ್ರಿಟನಿಯ ಡ್ಯೂಕ್ ಎರಡನೆಯ ಫ್ರಾಂಸ್ವಾ ಮಾನ್ಯ ಮಾಡಿದ ಹಕ್ಕನ್ನು ಹಿಡಿದು ಇಂದಿಗೂ 21 ಊರುಗಳ ಜನ ಇದನ್ನು ಪಾಲು ಹಾಕದೆ ಒಟ್ಟಾಗಿ ಉಳಿಸಿಕೊಂಡಿದ್ದಾರೆ. ಒಲೆ ಉರಿಸಲು ಇಲ್ಲಿನ ಕರಿಗೆಸರನ್ನೇ ಇಟ್ಟಿಗೆಯಂತೆ ಕೊಯ್ದು ಒಣಗಿಸುತ್ತಿದ್ದ ಕಾಲದಲ್ಲಿ, ಸಲಿಕೆಗೆ ಒಮ್ಮೊಮ್ಮೆ ಇಡೀ ಓಕ್ ಮರವೇ ತಾಕುತ್ತಿತ್ತು. ಸುಮಾರು 5000 ವರ್ಷಗಳ ಹಿಂದೆ ನೀರೇರಿ ಮುಳುಗಿದ ಕಾಡಿನ ಮರ. ಊರವರ ಬಾಯಲ್ಲಿ ಅದು ‘ಮೊರ್ತಾ’. ಹಳಬರು ಅದನ್ನು ಮನೆಯ ತೊಲೆಗೆ ಏರಿಸುತ್ತಿದ್ದರು. ಈ ಹಿರಿಯರು ಅದರಿಂದ ಹೊಗೆಸೊಪ್ಪು ಸೇದುವ ಚುಂಗಾಣಿ, ಅಂದರೆ ಪೈಪು, ಮಾಡುತ್ತಾರೆ.

ಗಾಳಿಯಾಡದ ಕೆಸರಿನಲ್ಲಿ ಮರ ಕೊಳೆಯಲಿಲ್ಲ. ಅದರೊಳಗಿನ ಒಗರು ನೀರಿನ ಕಬ್ಬಿಣದಂಶದೊಡನೆ ಕೂಡಿ ತಿರುಳಿನವರೆಗೂ ಕಪ್ಪಾಯಿತು. ನಮ್ಮಲ್ಲಿ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಮಸಿ ಕಾಯಿಸುತ್ತಿದ್ದರಲ್ಲ, ಅದೇ ಕ್ರಿಯೆ ಇಲ್ಲಿ ಸಾವಿರಾರು ವರ್ಷ ಸದ್ದಿಲ್ಲದೆ ನಡೆದಿದೆ. ಕೆಸರಿನಿಂದ ಎತ್ತಿದ ಮೇಲೆ ಬಿಸಿಲು ತಾಗಿದರೆ ಚಟಚಟನೆ ಸೀಳುತ್ತದೆಂದು ನೆರಳಿನಲ್ಲೇ ವರ್ಷಗಟ್ಟಲೆ ಆರಬಿಡುತ್ತಾರೆ. ಆಮೇಲೂ ಬಿರುಕಿಲ್ಲದ ಭಾಗ ಸಿಗುವುದು ಕೊಂಚವೇ. ಪೈಪಿಗೆ ಎಲ್ಲೆಡೆ ಬಳಸುವ ಬ್ರಯರ್ ಎಂದರೆ ಮೆಡಿಟರೇನಿಯನ್ ಕರಾವಳಿಯ ಒಂದು ಪೊದೆಯ ಬೇರುಗಂಟು. ಅದರ ಒಗರು ಬಿಡಿಸಲು ಗಂಟೆಗಟ್ಟಲೆ ಕುದಿಸಬೇಕು. ಮೊರ್ತಾಗೆ ಆ ಕುದಿ ಬೇಡ.

ಹಿರಿಯರು ತುಂಡಿನ ಮಗ್ಗುಲಿಗೆ ಬಿಳಿ ಪೆನ್ಸಿಲಿನಿಂದ ಪೈಪಿನ ಗೆರೆ ಎಳೆದಿದ್ದಾರೆ. ಮೊದಲು ಮೇಲಿನಿಂದ ಹೊಗೆಸೊಪ್ಪಿನ ಕುಳಿ, ಹೆಬ್ಬೆರಳು ಹಿಡಿಸುವಷ್ಟು, ಸುಮಾರು 20 ಮಿಲಿಮೀಟರ್ ಅಗಲ. ಆಮೇಲೆ ಹಿಡಿಯ ಕಡೆಯಿಂದ ಹೊಗೆಯ ದಾರಿ, 4 ಮಿಲಿಮೀಟರಿನದು. ಕಣ್ಣಿಗೆ ಕಾಣದ ಕತ್ತಲಲ್ಲಿ ಇಳಿಜಾರಾಗಿ ಸಾಗುವ ಬೈರಿಗೆ ಕುಳಿಯ ತಳದ ನಟ್ಟನಡುವೆಯೇ ತಲೆಯೆತ್ತಬೇಕು. ಕೊಂಚ ಮೇಲೆ ಹೊರಟರೆ ಅಡಿಯ ಸೊಪ್ಪು ಉರಿಯದೆ ಒದ್ದೆಯಾಗಿ ಉಳಿಯುತ್ತದೆ. ಗುರ್ ಎನ್ನುವ ಸದ್ದು ಸಣ್ಣಗಾದಂತೆ ಅವರು ಬೈರಿಗೆಯನ್ನು ಹಿಂದಕ್ಕೆಳೆದು, ಮೊನೆಗೆ ಅಂಟಿದ ಕರಿಹಿಟ್ಟನ್ನು ಬೆರಳಿನಿಂದ ಒರೆಸಿ, ಮತ್ತೆ ಅಕ್ಕಿಕಾಳಿನಷ್ಟು ಮುಂದಕ್ಕೆ ಬಿಡುತ್ತಾರೆ. ನನಗೆ ಉಸಿರು ಕಟ್ಟಿದಂತಾಯಿತು. ಕುಳಿಯ ತಳದಲ್ಲಿ ಕೊನೆಗೂ ಸಾಸಿವೆಯಷ್ಟು ಬೆಳಕು ಕಂಡಾಗ, ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವರ ಹೆಗಲು ಇಳಿಯಿತು.

ಉಳಿದದ್ದು ಅರ, ಉಪ್ಪುಕಾಗದಗಳ ಕೆಲಸ. ಒರಟಿನಿಂದ ನಯಕ್ಕೆ, 120ರ ಕಾಗದದಿಂದ 1000ದವರೆಗೆ ಉಜ್ಜಿದಂತೆಲ್ಲ ಕಪ್ಪಿನೊಳಗಿನಿಂದ ಕಂದು ಎಳೆಗಳು ಮೂಡುತ್ತವೆ. ಹೊಗೆಸೊಪ್ಪಿನ ಕೇಡು ನನಗೆ ಗೊತ್ತು, ಅದನ್ನು ಮುಟ್ಟುವವನೂ ನಾನಲ್ಲ. ಆದರೂ ಆ ಎಳೆಗಳ ಮೇಲೆ ಬೆರಳಾಡಿಸದೆ ಇರಲಾಗಲಿಲ್ಲ, ಕೆಸರಿನಿಂದ ಬಂದದ್ದು ಅಷ್ಟು ಬೆಚ್ಚಗಿತ್ತು. ಕುಳಿಯ ಒಳಮೈಗೆ ಮಜ್ಜಿಗೆಯಲ್ಲಿ ಕಲಸಿದ ಇದ್ದಿಲಪುಡಿಯ ಲೇಪ. ಇಷ್ಟು ಕಾಲ ನೀರಲ್ಲೇ ಇದ್ದ ಮರಕ್ಕೆ ಮೊದಲ ಬೆಂಕಿ ನೇರ ತಾಗದಿರಲೆಂದು. ಹೊರಮೈಗೆ ಬ್ರೆಜಿಲಿನ ತಾಳೆಯೊಂದರ ಎಲೆಯಿಂದ ಬರುವ ಕಾರ್ನೌಬಾ ಮೇಣ.

ಬಾಯಿಗಿಡುವ ಕೊಳವೆ ಜೋಡಿಸಿ, ಸೊಪ್ಪು ತುಂಬದೆ, ಅವರು ಪೈಪನ್ನು ತುಟಿಗಿಟ್ಟು ಉಸಿರೆಳೆದರು. ಸಣ್ಣ ಸಿಳ್ಳು ಕೇಳಿದರೆ ಒಳಗೆಲ್ಲೋ ಗಾಳಿ ತಡೆಯುತ್ತಿದೆ ಎಂದರ್ಥ. ಕೊಟ್ಟಿಗೆಯಲ್ಲಿ ಏನೂ ಕೇಳಲಿಲ್ಲ. ಹೊರಗೆ ಜೊಂಡಿನಲ್ಲಿ ಗಾಳಿ ಬೀಸಿದ್ದು ಮಾತ್ರ ಕೇಳಿತು.