ಇಪ್ಪತ್ತಾರನೆಯ ಗುಳಿಗೆ

ನಮ್ಮ ಊರುಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ಹೆರಿಗೆಗೂ ಜ್ವರಕ್ಕೂ ಓಡುವ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿಯಾದರೋ ಆ ಹೆಸರು, ಪರರ ಆಸರೆಯಿಲ್ಲದೆ ದಿನ ಕಳೆಯಲಾರದ ವೃದ್ಧರು ತಮ್ಮ ಸಂಧ್ಯಾಕಾಲವನ್ನು ನೂಕುವ ಶುಶ್ರೂಷಾಲಯಕ್ಕೆ ಸಲ್ಲುತ್ತದೆ. ಅಲ್ಲಿಗೆ ಮುನ್ಸೂಚನೆಯಿಲ್ಲದೆ ಬರುವ ತಪಾಸಣಾಧಿಕಾರಿಯು ಔಷಧದ ಗಾಡಿಯನ್ನು ತಳ್ಳಿಕೊಂಡು ಹೋಗುವ ದಾದಿಯ ಬೆನ್ನ ಹಿಂದೆ ಮೌನವಾಗಿ ನಡೆದು, ಯಾರಿಗೆ ಯಾವ ಗುಳಿಗೆ, ಎಷ್ಟು, ಹೇಗೆ ಎಂಬುದನ್ನು ಕಂಡಂತೆ ಬರೆದುಕೊಂಡು, ತರುವಾಯ ಮಾತ್ರವೇ ವೈದ್ಯರ ಲಿಖಿತವನ್ನು ತೆರೆದು ತಾಳೆ ನೋಡುತ್ತಾನೆ. ಮೊದಲು ಕಣ್ಣು, ಆಮೇಲೆ ಕಡತ. ಕಡತವನ್ನೇ ಕಣ್ಣೆಂದು ನಂಬಿದ ಸರ್ಕಾರಿ ಪ್ರಪಂಚದಲ್ಲಿ ಈ ವಿಪರೀತ ಕ್ರಮ ಎಲ್ಲಿಂದ ಬಂದಿತೆಂಬ ಕುತೂಹಲವೇ ಈ ಬರಹಕ್ಕೆ ಕಾರಣ.

ಅದರ ಮೂಲದಲ್ಲಿರುವವನು ಕೆನೆತ್ ಬಾರ್ಕರ್ ಎಂಬ ಔಷಧಶಾಸ್ತ್ರಜ್ಞ. ದಾದಿಯು ತಾನಾಗಿ ಬರೆದುಕೊಟ್ಟ ತಪ್ಪೊಪ್ಪಿಗೆಯ ವರದಿಯೇ ಆಸ್ಪತ್ರೆಗಳಿಗೆ ಪ್ರಮಾಣವಾಗಿದ್ದ ಕಾಲದಲ್ಲಿ ಅವನೂ ಸಹೋದ್ಯೋಗಿ ಮೆಕ್‌ಕಾನೆಲನೂ ವರದಿಗಳನ್ನು ಬದಿಗಿಟ್ಟು ಪಕ್ಕದಲ್ಲಿ ನಿಂತು ನೋಡಿದರು. 1962ರಲ್ಲಿ ಅವರು ಪ್ರಕಟಿಸಿದ ಲೇಖನದಿಂದ ತಿಳಿದುದೇನೆಂದರೆ, ಕಣ್ಣಿಗೆ ಬಿದ್ದ ತಪ್ಪುಗಳ ಎದುರಿನಲ್ಲಿ ಕಾಗದಕ್ಕೆ ಬಂದವು ಸಮುದ್ರದ ಮುಂದಿನ ಬೊಗಸೆ ನೀರು. ದಾದಿಯರು ಮುಚ್ಚಿಟ್ಟರೆಂದು ಇದಕ್ಕೆ ಅರ್ಥವಲ್ಲ. ಸರಿಯಾದುದನ್ನೇ ಕೊಡುತ್ತಿರುವೆನೆಂದು ನಂಬಿ ತಪ್ಪನ್ನು ಕೊಟ್ಟವಳು, ತನಗೇ ಅರಿವಿಲ್ಲದ ತಪ್ಪನ್ನು ಯಾವ ಪುಸ್ತಕದಲ್ಲಿ ಬರೆದಾಳು?

ಮುಂದಿನ ಎರಡೂವರೆ ದಶಕಗಳ ಕಥೆ ನೀರಸ. ತಿಂಗಳಿಗೊಮ್ಮೆ ಔಷಧತಜ್ಞನು ಶುಶ್ರೂಷಾಲಯದ ಪ್ರತಿ ನಿವಾಸಿಯ ಔಷಧಗಳನ್ನು ಪರಿಶೀಲಿಸಬೇಕೆಂಬ ನಿಯಮ 1974ರಲ್ಲಿ ಬಂದಿತು. ಮರುವರ್ಷ ಸೆನೆಟರ್ ಫ್ರಾಂಕ್ ಮಾಸ್‌ನ ಉಪಸಮಿತಿಯು ಈ ಗೃಹಗಳಲ್ಲಿ ಔಷಧಗಳ ದುರುಪಯೋಗವನ್ನೂ ಅವುಗಳ ಹಿಂದಿನ ಲಂಚವನ್ನೂ ಬಯಲಿಗೆಳೆಯಿತು. 1987ರ ಡಿಸೆಂಬರಿನಲ್ಲಿ ಶುಶ್ರೂಷಾಲಯಗಳ ಸುಧಾರಣೆಯ ಕಾನೂನಿಗೆ ಅಧ್ಯಕ್ಷ ರೇಗನ್ ಅಂಕಿತ ಹಾಕಿದನು. ಬಾರ್ಕರನಂತೆ ಪಕ್ಕದಲ್ಲಿ ನಿಂತು ನೋಡುವ ಕ್ರಮವನ್ನೇ ಹಿಡಿದು ಅದರ ಬೆನ್ನಿಗೇ ನೆಲೆಯಾದ ನಿಯಮದಂತೆ, ತಪ್ಪಿನ ಪ್ರಮಾಣ ನೂರಕ್ಕೆ 5ನ್ನು ಮುಟ್ಟಕೂಡದು; ಗುರುತರವಾದ ತಪ್ಪಂತೂ ಒಂದೂ ಇರಕೂಡದು. ಅಧಿಕಾರಿ ಕನಿಷ್ಠ 25 ಸಲ ಔಷಧ ಕೊಡುವುದನ್ನು ನೋಡಬೇಕು. 25ರಲ್ಲಿ ಒಂದು ತಪ್ಪಿದರೆ ನೂರಕ್ಕೆ 4, ಗೃಹ ಪಾರಾಯಿತು. ಎರಡಾದರೆ 8, ಸಿಕ್ಕಿಬಿದ್ದಿತು. ಕುಲುಕದೆ ಕೊಟ್ಟ ಅಪಸ್ಮಾರದ ದ್ರವೌಷಧ, ಮೆಲ್ಲಗೆ ಕರಗಬೇಕಾದುದನ್ನು ಪುಡಿಮಾಡಿ ತಿನ್ನಿಸಿದ ಗುಳಿಗೆ, ಇವೂ ಲೆಕ್ಕಕ್ಕೆ ಬರುತ್ತವೆ. ಇವು ಕೈಯ ತಪ್ಪುಗಳಾದುದರಿಂದ ಕಡತಕ್ಕೆ ಎಂದೂ ಕಾಣಿಸವು.

ಬಾರ್ಕರನಾದರೋ ವೃದ್ಧಾಪ್ಯದಲ್ಲಿಯೂ ನೋಡುವುದನ್ನು ಬಿಡಲಿಲ್ಲ. ಜಾರ್ಜಿಯಾ ಮತ್ತು ಕೊಲರಾಡೋ ರಾಜ್ಯಗಳ 36 ಆಸ್ಪತ್ರೆ, ಶುಶ್ರೂಷಾಲಯಗಳಲ್ಲಿ ಅವನೂ ಜತೆಗಾರರೂ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 3216 ಡೋಸುಗಳ ಪೈಕಿ 605 ತಪ್ಪಿದ್ದವು. ಆ ತಪ್ಪುಗಳಲ್ಲಿ ಹೊತ್ತು ಮೀರಿದವೇ ನೂರಕ್ಕೆ 43, ಕೊಡದೆಯೇ ಬಿಟ್ಟವು 30, ಅಪಾಯ ತರಬಹುದಾದವು 7. ಹೆಚ್ಚುಕಡಮೆ ಐದು ಡೋಸುಗಳಲ್ಲೊಂದು ತಪ್ಪು! ನಲವತ್ತು ವರ್ಷಗಳ ಮೇಲೆಯೂ ಅವನು ಮತ್ತೆ ಪಕ್ಕದಲ್ಲಿ ಹೋಗಿ ನಿಲ್ಲಬೇಕಾಯಿತೆಂಬುದೇ ನನ್ನನ್ನು ಕೆರಳಿಸುತ್ತದೆ.

ಸರ್ಕಾರದ ಅಧಿಕಾರಿಯಾದರೋ ಹದಿನೈದು ತಿಂಗಳೊಳಗೆ ಒಮ್ಮೆ ಬಂದರೆ ಸಾಕು. ಅವನು ನಿಂತಿರುವಷ್ಟು ಹೊತ್ತು ದಾದಿ ಶೀಸೆಯನ್ನು ಎರಡು ಸಲ ಕುಲುಕುತ್ತಾಳೆ, ಹೆಸರನ್ನು ಎರಡು ಸಲ ಕೇಳುತ್ತಾಳೆ. ಲೆಕ್ಕ ಮುಗಿದು ಅವನು ಬಾಗಿಲು ದಾಟಿದೊಡನೆ ಗಾಡಿ ಮುಂದಿನ ಹಾಸಿಗೆಗೆ ಉರುಳುತ್ತದೆ. ಇಪ್ಪತ್ತಾರನೆಯ ಗುಳಿಗೆ ಯಾರ ಬಾಯಿಗೆ ಹೋಯಿತೆಂಬುದನ್ನು ಮತ್ತೆ ಆ ಹಳೆಯ ರಿಜಿಸ್ಟರೇ ಹೇಳಬೇಕು.