ಏಳನ್ನು ಎರಡರಿಂದ ಭಾಗಿಸಿದರೆ?

ಏಳು ಮಾವಿನ ಹಣ್ಣುಗಳನ್ನು ಇಬ್ಬರಿಗೆ ಸಮನಾಗಿ ಹಂಚಬೇಕಾಗಿದೆ ಎಂದಿಟ್ಟುಕೊಳ್ಳೋಣ. ಚಾಕು ಇದ್ದರೆ ಒಬ್ಬೊಬ್ಬರಿಗೆ ಮೂರೂವರೆ; ಇಲ್ಲದಿದ್ದರೆ ಮೂರು ಮೂರು, ಶೇಷ ಒಂದು. ಎರಡೂ ಸರಿಯಾದ ಉತ್ತರಗಳೇ. ಯಾವುದು ಬೇಕೆಂಬುದನ್ನು ನಾವು ಸಂದರ್ಭದಿಂದ ಅರಿಯುತ್ತೇವೆ. ಗಣಕಯಂತ್ರವಾದರೋ ತನಗೆ ಕೊಟ್ಟ ಭಾಷೆಯ ನಿಯಮವನ್ನಷ್ಟೇ ಬಲ್ಲುದು. ಆ ನಿಯಮವೇ ಬದಲಾದರೆ ಏನಾದೀತು?

ಪೈಥಾನ್ ಎಂಬ ಗಣಕಭಾಷೆಯಲ್ಲಿ ಹೀಗೆಯೇ ಆಯಿತು. ನೆದರ್ಲೆಂಡಿನ ಗೀಡೊ ವಾನ್ ರಾಸಮ್ ಅವರು ಇದನ್ನು 1991ರಲ್ಲಿ ಪ್ರಕಟಿಸಿದರು. ಪೈಥಾನ್ 2ರಲ್ಲಿ ಭಾಗಾಕಾರದ ಚಿಹ್ನೆ ಒಂದು ಓರೆಗೆರೆ. ಅದರ ಎರಡು ಪಕ್ಕಗಳಲ್ಲಿಯೂ ಪೂರ್ಣಾಂಕಗಳಿದ್ದರೆ, 7ನ್ನು 2ರಿಂದ ಭಾಗಿಸಿದಾಗ 3 ಬರುತ್ತಿತ್ತು. 7ರ ಬದಲು 7.0 ಎಂದು ಬರೆದರೆ 3.5 ಬರುತ್ತಿತ್ತು. 2008ರ ಡಿಸೆಂಬರಿನಲ್ಲಿ ಹೊರಬಂದ ಪೈಥಾನ್ 3ರಲ್ಲಿ ಒಂಟಿ ಓರೆಗೆರೆಯ ಉತ್ತರ ಎರಡು ಸಂದರ್ಭಗಳಲ್ಲಿಯೂ 3.5. ಉತ್ತರ 3 ಎಂದೇ ಬೇಕಾದರೆ ಜೋಡಿ ಓರೆಗೆರೆ ಹಾಕಬೇಕು. 2020ರ ಜನವರಿ 1ರಿಂದ ಹಳೆಯ ರೂಪಕ್ಕೆ ಅಧಿಕೃತ ಪೋಷಣೆ ನಿಂತುಹೋದುದರಿಂದ, ಹಳೆಯ ಪ್ರೋಗ್ರಾಮುಗಳನ್ನು ಹೊಸ ಭಾಷೆಗೆ ತರುವ ಅಗತ್ಯ ಹೆಚ್ಚಿತು.

ಈ ಪರಿವರ್ತನೆಗೆಂದೇ 'ಟು ಟು ತ್ರೀ' ಎಂಬ ಸಾಧನ ಸಿದ್ಧವಾಗಿತ್ತು. ಅದು ಅನೇಕ ಬದಲಾವಣೆಗಳನ್ನು ತಾನೇ ಮಾಡುತ್ತಿತ್ತು. ಆದರೆ ಒಂಟಿ ಓರೆಗೆರೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಏಕೆಂದರೆ ಅದರ ಪಕ್ಕದ ಅಕ್ಷರಗಳು ಪೂರ್ಣಾಂಕಗಳನ್ನು ಸೂಚಿಸುತ್ತವೆಯೋ ದಶಮಾಂಶಗಳನ್ನೋ ಎಂಬುದು ಬರಹದಿಂದ ಸಾಮಾನ್ಯವಾಗಿ ತಿಳಿಯುವುದಿಲ್ಲ. ಪ್ರೋಗ್ರಾಮು ನಡೆಯುವಾಗ ತಿಳಿಯುತ್ತದೆ. ವ್ಯಾಕರಣ ತಪ್ಪಿದ್ದರೆ ಯಂತ್ರ ಮುಂದುವರಿಯದೆ ನಿಲ್ಲುತ್ತದೆ. ಇಲ್ಲಿ ಹಾಗಲ್ಲ, ಯಾವ ಎಚ್ಚರಿಕೆಯನ್ನೂ ಕೊಡದೆ ಬೇರೆ ಉತ್ತರವನ್ನು ಮುಂದಿಡುತ್ತದೆ. ಅಪಾಯವಿರುವುದು ಇಲ್ಲಿಯೇ.

ಇದಕ್ಕೆ ಉಪಾಯವುಂಟು. ಪೂರ್ಣಾಂಕಗಳ ಭಾಗಾಕಾರ ನಡೆದಲ್ಲೆಲ್ಲ ಎಚ್ಚರಿಸುವಂತೆ ಪೈಥಾನ್ 2ಕ್ಕೇ ಆಜ್ಞಾಪಿಸಬಹುದಾಗಿತ್ತು. ಹಾಗೆ ಸಿಕ್ಕಿದ ಒಂದೊಂದು ಸಾಲಿನಲ್ಲಿಯೂ ಭಾಗಲಬ್ಧ ಯಾವುದಕ್ಕೆ ಬಳಕೆಯಾಗುತ್ತಿದೆಯೆಂದು ನಾವು ನೋಡಬೇಕು. ಪುಟಕ್ಕೆರಡರಂತೆ ಏಳು ಚಿತ್ರಗಳನ್ನು ಅಂಟಿಸಿದರೆ ಪೂರ್ತಿ ತುಂಬಿದ ಪುಟಗಳು ಮೂರು. ಅಲ್ಲಿ ಜೋಡಿ ಓರೆಗೆರೆಯೇ ಯುಕ್ತ. ಎರಡು ಪರೀಕ್ಷೆಗಳಲ್ಲಿ ಒಟ್ಟು ಏಳು ಅಂಕ ಪಡೆದವನ ಸರಾಸರಿಯಾದರೋ ಮೂರೂವರೆ.

ಹಳೆಯ ಪ್ರೋಗ್ರಾಮು ಆ ಸರಾಸರಿಯನ್ನು 3 ಎಂದೇ ಕೊಡುತ್ತಿದ್ದರೆ? ಅದು ಬರೆದವರ ಉದ್ದೇಶವೋ ಕೈತಪ್ಪೋ, ಬರಹ ಹೇಳದು. ಅದನ್ನು ಬರೆದವರನ್ನೋ ಬಳಸುವವರನ್ನೋ ಕೇಳಿಯೇ ತಿಳಿಯಬೇಕು. ಅಲ್ಲಿಯವರೆಗೆ ಹಳೆಯ ಉತ್ತರವನ್ನೇ ಉಳಿಸಿಕೊಂಡು, ಅದೇ ಅಂಕಿಗಳಿಗೆ ಹಳತೂ ಹೊಸತೂ ಒಂದೇ ಫಲ ಕೊಡುವುದೆಂದು ತಾಳೆ ನೋಡುವುದು ಕ್ಷೇಮ. ತಿದ್ದುಪಡಿಯನ್ನು ಆಮೇಲೆ, ಎಲ್ಲರಿಗೂ ತಿಳಿಸಿಯೇ ಮಾಡಬೇಕು.