ಹಿತ್ತಲ ಮೇಲೆ ಸುತ್ತುವ ಹದ್ದೆಲ್ಲ ಕೋಳಿಮರಿ ಕಳ್ಳ ಅಲ್ಲ: ಚಳಿಗಾಲದ ವಲಸೆ ಬೇಟೆ ಹಕ್ಕಿಗಳನ್ನು ಗುರುತಿಸೋದು ಹೇಗೆ?

ಎಚ್.ಡಿ.ಕೋಟೆ: ರಾಗಿ ಕೊಯ್ಲಿನ ಹೊತ್ತಿಗೆ ಹಿತ್ತಲ ಮೇಲೆ ದೊಡ್ಡ ರೆಕ್ಕೆಯ ನೆರಳೊಂದು ಹಾದುಹೋದರೆ ಸಾಕು, ‘ಹದ್ದು ಬಂತು, ಮರಿ ಮುಚ್ರೋ’ ಅನ್ನೋ ಕೂಗು ಏಳುತ್ತದೆ. ಹಿಂದೆಯೇ ಕಲ್ಲು, ಕವಣೆ, ತಟ್ಟೆ ಬಡಿಯೋ ಸದ್ದು. ಆದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಕಾಕನಕೋಟೆ, ಅಂತರಸಂತೆ ಸುತ್ತಿನ ಆಕಾಶದಲ್ಲಿ ಕಾಣುವ ಬೇಟೆ ಹಕ್ಕಿಗಳೆಲ್ಲ ಈ ಊರಿನವಲ್ಲ. ಕೆಲವು ಕಜಕಿಸ್ತಾನ, ರಷ್ಯಾ ಕಡೆಯ ಬಯಲುಗಳಿಂದ ಸಾವಿರಾರು ಕಿ.ಮೀ. ಹಾರಿ ಬಂದವು. ಅವುಗಳಲ್ಲಿ ಹೆಚ್ಚಿನವು ಹುಡುಕೋದು ಕೋಳಿಮರಿಯನ್ನಲ್ಲ. ಹೊಲದ ಇಲಿ, ಮಿಡತೆ, ಓತಿಕ್ಯಾತ, ಕೆರೆಯ ಮೀನನ್ನು.

ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲಕ್ಕೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬರೋದು ಜಿಲ್ಲೆಗೆಲ್ಲ ಗೊತ್ತು. ಅದೇ ಕಾಲಕ್ಕೆ ಬರುವ ಬೇಟೆ ಹಕ್ಕಿಗಳ ಸುದ್ದಿ ಮಾತ್ರ ಅಷ್ಟಾಗಿ ಆಗೋದಿಲ್ಲ. ಅವು ಹಿಂಡಾಗಿ ಕೆರೆಯಲ್ಲಿ ಇಳಿಯೋದಿಲ್ಲ, ಒಂದೊಂದಾಗಿ ಹೊಲದ ಮೇಲೆ ಹಾದುಹೋಗುತ್ತವೆ. ಹಾಗಾಗಿ ಅವನ್ನು ನೋಡೋಕೆ ಸಫಾರಿ ಜೀಪು ಹತ್ತಬೇಕಿಲ್ಲ. ಹಿತ್ತಲು ಸಾಕು.

ಯಾಕೆ ಬರ್ತವೆ?

ಉತ್ತರದ ಹುಲ್ಲುಗಾವಲುಗಳಲ್ಲಿ ಚಳಿ ಶುರುವಾದರೆ ಹಿಮ ಬಿದ್ದು ಇಲಿಗಳು ಬಿಲ ಸೇರುತ್ತವೆ, ಹುಳ ಹುಪ್ಪಟೆ ಸಾಯುತ್ತವೆ. ಊಟ ಇಲ್ಲದ ಕಡೆ ಬೇಟೆ ಹಕ್ಕಿ ಇರೋಕಾಗಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನಿಂದಲೇ ಅವು ದಕ್ಷಿಣಕ್ಕೆ ಹೊರಡುತ್ತವೆ. ಮಧ್ಯ ಏಷ್ಯಾದಿಂದ ಭಾರತಕ್ಕೆ ಬರುವ ಈ ದಾರಿಯನ್ನು ತಜ್ಞರು ಮಧ್ಯ ಏಷ್ಯಾ ವಲಸೆ ಪಥ ಅಂತಾರೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ವಾಪಸ್ ಪ್ರಯಾಣ. ಗೂಡು, ಮೊಟ್ಟೆ, ಮರಿ ಎಲ್ಲ ಅಲ್ಲೇ.

ಇಲ್ಲಿ ಅವುಗಳಿಗೆ ಬೇಕಾದ್ದು ಎಲ್ಲ ಇದೆ. ಖೆಡ್ಡಾಕ್ಕೆ ಹೆಸರಾಗಿದ್ದ ಕಾಕನಕೋಟೆ ಕಾಡಿನ ಒಂದು ಭಾಗ ಕಬಿನಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿತು. ಅಣೆಕಟ್ಟೆ ಮುಗಿದದ್ದು 1974ರಲ್ಲಿ. ಈಗ ಅಲ್ಲಿ ನೀರು, ನೀರು ಇಳಿದಾಗ ಹುಲ್ಲು. ಆಚೆಗೆ ಎಚ್.ಡಿ.ಕೋಟೆಯ ಹತ್ತಿ, ರಾಗಿ, ಹುರುಳಿ ಹೊಲ, ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬಯಲು, ಕೆ.ಆರ್.ನಗರದ ಭತ್ತದ ಗದ್ದೆ. ಕೊಯ್ಲು ಮುಗಿದ ಕೂಳೆ ಹೊಲ ಎಂದರೆ ಇಲಿ, ಮಿಡತೆ ಬಚ್ಚಿಟ್ಟುಕೊಳ್ಳೋಕೆ ಜಾಗ ಕಡಿಮೆ. ಬೇಟೆಗಾರನಿಗೆ ಅನುಕೂಲ.

ಮೊದಲು ಊರಿನವರು ಯಾರು ಅಂತ ತಿಳಿಯಿರಿ

ವರ್ಷಪೂರ್ತಿ ಇಲ್ಲೇ ಇರುವ ನಾಲ್ಕು ಹಕ್ಕಿ ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ತೇರು ಎಳೆಯುವ ಹೊತ್ತಿಗೆ ಮೇಲೆ ಕಂಡರೆ ಜನ ಕೈಮುಗಿಯುವ ಗರುಡ ಮೊದಲನೆಯದು. ಇಟ್ಟಿಗೆ ಬಣ್ಣದ ಮೈ, ಬಿಳಿ ತಲೆ, ಬಿಳಿ ಎದೆ. ಎರಡನೆಯದು ಸಂತೆ, ಮಾಂಸದಂಗಡಿ ಸುತ್ತ ಕಾಣುವ ಕಂದು ಹದ್ದು. ಇದರ ಬಾಲದ ತುದಿ ಮೀನಿನ ಬಾಲದಂತೆ ಒಳಕ್ಕೆ ಕತ್ತರಿಸಿದ ಹಾಗಿರುತ್ತದೆ. ಮೂರನೆಯದು ಶಿಕ್ರಾ. ಪಾರಿವಾಳದಷ್ಟೇ ದೊಡ್ಡದು, ಗಿಡ್ಡ ರೆಕ್ಕೆ, ಉದ್ದ ಬಾಲ. ಮರದ ಮರೆಯಿಂದ ಬಾಣದ ಹಾಗೆ ನುಗ್ಗುತ್ತದೆ. ನಾಲ್ಕನೆಯದು ಬೂದು ಬಿಳಿ ಬಣ್ಣದ, ಹೆಗಲ ಮೇಲೆ ಕಪ್ಪು ಮಚ್ಚೆಯ, ಕೆಂಪು ಕಣ್ಣಿನ ಸಣ್ಣ ಹಕ್ಕಿ. ಕರೆಂಟು ತಂತಿಯ ಮೇಲೆ ಕೂತು ಇಲಿ ಕಾಯುತ್ತದೆ.

ಹಿತ್ತಲಲ್ಲಿ ಮರಿ ಎತ್ತುವ ಕೆಲಸ ಬಹುಪಾಲು ಹದ್ದು ಮತ್ತು ಶಿಕ್ರಾದ್ದು. ಕಾಡಂಚಿನ ಮನೆಗಳಲ್ಲಿ ಜುಟ್ಟಿನ ದೊಡ್ಡ ಗಿಡುಗವೂ ಕೋಳಿಗೆ ಬರುತ್ತದೆ. ಇವೆಲ್ಲ ಊರಿನವೇ.

ಚಳಿಗಾಲದ ಅತಿಥಿಗಳು ಯಾರು?

*ಹ್ಯಾರಿಯರ್:* ಕನ್ನಡದ ಪಕ್ಷಿ ವೀಕ್ಷಕರು ಇದಕ್ಕೆ ‘ಸೆಳೆವ’ ಅಂತಾರೆ. ಅತಿಥಿಗಳಲ್ಲಿ ಗುರುತು ಹಿಡಿಯೋಕೆ ಸುಲಭ ಇದೇ. ಎತ್ತರದಲ್ಲಿ ಸುತ್ತೋದಕ್ಕಿಂತ ಪೈರಿನ ಮೇಲೆ, ಆಳೆತ್ತರದಲ್ಲಿ, ಆ ಕಡೆ ಈ ಕಡೆ ಓಲಾಡುತ್ತಾ ತೇಲೋದೇ ಹೆಚ್ಚು. ರೆಕ್ಕೆಗಳನ್ನು ತುಸು ಮೇಲೆತ್ತಿ ಹಿಡಿದಿರುತ್ತದೆ. ಇದರ ಮುಖ ಗೂಬೆಯ ಮುಖದಂತೆ ತಟ್ಟೆಯಾಕಾರ. ಹುಲ್ಲಿನೊಳಗೆ ಇಲಿ ಓಡಾಡುವ ಸದ್ದನ್ನು ಕೇಳಿಯೇ ಎರಗಬಲ್ಲದು. ಕೆರೆ, ಗದ್ದೆ ಬಯಲಲ್ಲಿ ಕಾಣೋದು ಹೆಚ್ಚಾಗಿ ಮಾರ್ಷ್ ಹ್ಯಾರಿಯರ್. ಹೆಣ್ಣಿಗೆ ಗಾಢ ಕಂದು ಮೈ, ಕೆನೆ ಬಣ್ಣದ ತಲೆ. ಒಣ ಹೊಲದ ಮೇಲೆ ಬರುವ ಮಾಂಟೆಗು ಮತ್ತು ಪ್ಯಾಲಿಡ್ ಹ್ಯಾರಿಯರ್‌ಗಳು ಇನ್ನೂ ತೆಳ್ಳಗೆ. ಇವುಗಳ ಗಂಡು ಬೂದು ಬಣ್ಣ. ಹೆಣ್ಣು ಕಂದು, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಇವಕ್ಕೆ ಮಿಡತೆ ಎಂದರೆ ಬಲು ಇಷ್ಟ.

*ಕೆಸ್ಟ್ರಲ್:* ಹೊಲದ ಮೇಲೆ ಒಂದೇ ಜಾಗದಲ್ಲಿ ರೆಕ್ಕೆ ಬಡಿಯುತ್ತಾ ನಿಂತುಬಿಡುತ್ತದೆ. ಊರಿನ ಬೂದು ಬಿಳಿ ಹಕ್ಕಿಯೂ ಹೀಗೇ ನಿಲ್ಲುವುದರಿಂದ ಬಣ್ಣ ನೋಡಬೇಕು. ಬೆನ್ನು ಇಟ್ಟಿಗೆಗೆಂಪು, ಉದ್ದ ಬಾಲದ ತುದಿಯಲ್ಲಿ ಕಪ್ಪು ಪಟ್ಟಿ ಇದ್ದರೆ ಕೆಸ್ಟ್ರಲ್.

*ಬೂಟೆಡ್ ಈಗಲ್:* ಹದ್ದಿನಷ್ಟೇ ದೊಡ್ಡದು, ಹದ್ದು ಅಂತಲೇ ಮೋಸ ಹೋಗೋದು ಹೆಚ್ಚು. ಬಾಲ ನೋಡಿ: ಕತ್ತರಿ ಇರೋದಿಲ್ಲ, ನೇರವಾಗಿರುತ್ತದೆ. ಕೆಳಗಿನಿಂದ ನೋಡಿದಾಗ ಹಲವಕ್ಕೆ ಮೈ ಬಿಳಿ, ರೆಕ್ಕೆಯ ಹಿಂಭಾಗ ಕಪ್ಪು. ಎದುರಿನಿಂದ ಬಂದಾಗ ಕತ್ತಿನ ಎರಡೂ ಬದಿ ರೆಕ್ಕೆ ಬುಡದಲ್ಲಿ ಸಣ್ಣ ದೀಪ ಹಚ್ಚಿದ ಹಾಗೆ ಬಿಳಿ ಚುಕ್ಕೆ. ಇದು ಹಕ್ಕಿಗಳನ್ನೂ ಹಿಡಿಯುತ್ತದೆ. ಬಯಲಲ್ಲಿ ಮರಿ ಸಿಕ್ಕರೆ ಬಿಡೋದಿಲ್ಲ ಅನ್ನೋದೂ ನಿಜ.

*ಆಸ್ಪ್ರೇ:* ಕಬಿನಿ ಹಿನ್ನೀರಿನ ಅತಿಥಿ. ತಿನ್ನೋದು ಬಹುತೇಕ ಮೀನು ಮಾತ್ರ. ಬಿಳಿ ಹೊಟ್ಟೆ, ಕಣ್ಣಿನ ಮೇಲೆ ಹಾದ ಕಪ್ಪು ಗೆರೆ, ಮಣಿಕಟ್ಟಿನಲ್ಲಿ ಬಾಗಿದ ಉದ್ದ ರೆಕ್ಕೆ. ಕಾಲು ಮುಂದೆ ಚಾಚಿ ನೀರಿಗೆ ಧುಮುಕುತ್ತದೆ.

ಇವೆಲ್ಲಕ್ಕಿಂತ ದೂರದ ಪ್ರಯಾಣಿಕ ಅಮುರ್ ಫಾಲ್ಕನ್. ಸೈಬೀರಿಯಾ, ಉತ್ತರ ಚೀನಾ ಕಡೆಯಿಂದ ಹೊರಟು ಆಫ್ರಿಕಾದ ದಕ್ಷಿಣ ಭಾಗಕ್ಕೆ ಹೋಗುವ ಈ ಹಕ್ಕಿಯ ತೂಕ 150 ಗ್ರಾಂ ಆಸುಪಾಸು. ದಾರಿಯಲ್ಲಿ ನಾಗಾಲ್ಯಾಂಡ್‌ನಲ್ಲಿ ಇಳಿದು ಗೆದ್ದಲು ಹುಳ ತಿಂದು ಕೊಬ್ಬು ತುಂಬಿಕೊಂಡು, ಭಾರತದ ಮೇಲೆ, ನಂತರ ಅರಬ್ಬೀ ಸಮುದ್ರದ ಮೇಲೆ ಹಾರಿಹೋಗುತ್ತದೆ. 2012ರಲ್ಲಿ ಅಲ್ಲಿನ ದೊಯಾಂಗ್ ಜಲಾಶಯದ ಬಳಿ ಬಲೆ ಹಾಕಿ ಇವನ್ನು ಭಾರೀ ಸಂಖ್ಯೆಯಲ್ಲಿ ಕೊಲ್ಲುತ್ತಿದ್ದದ್ದು ಬಯಲಾಯಿತು. ಮರುವರ್ಷವೇ ಊರವರು ಬೇಟೆ ನಿಲ್ಲಿಸಿದರು. ಒಂದು ಊರು ಮನಸ್ಸು ಮಾಡಿದರೆ ಎಷ್ಟು ಬೇಗ ಬದಲಾಗಬಹುದು ಅನ್ನೋದಕ್ಕೆ ಇದು ಸಾಕ್ಷಿ.

ಯಾವಾಗ, ಹೇಗೆ ನೋಡಬೇಕು?

ಬೆಳಿಗ್ಗೆ ಆರಕ್ಕೇ ಎದ್ದು ಕಾಯುವ ಅಗತ್ಯ ಇಲ್ಲ. ದೊಡ್ಡ ರೆಕ್ಕೆಯ ಹಕ್ಕಿಗಳು ಬಿಸಿಗಾಳಿ ಏಳುವುದನ್ನೇ ಕಾಯುತ್ತವೆ. ಬಿಸಿಲಿಗೆ ಉತ್ತ ಹೊಲ, ಬಂಡೆ, ಡಾಂಬರು ರಸ್ತೆ ಕಾದಾಗ ಗಾಳಿ ಕಂಬದ ಹಾಗೆ ಮೇಲೇಳುತ್ತದೆ. ಅದರೊಳಗೆ ಸುತ್ತುತ್ತಾ, ರೆಕ್ಕೆ ಬಡಿಯದೇ ಮೇಲಕ್ಕೆ ಹೋಗುತ್ತವೆ. ಹಾಗಾಗಿ 9.30ರಿಂದ 12 ಗಂಟೆ ಒಳ್ಳೆ ಸಮಯ. ಹ್ಯಾರಿಯರ್ ಮಾತ್ರ ಬೆಳಿಗ್ಗೆ ಬೇಗ ಮತ್ತು ಸಂಜೆ ನಾಲ್ಕರ ನಂತರ ಹೊಲದ ಮೇಲೆ ಚುರುಕು.

ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿ. ಬಣ್ಣಕ್ಕಿಂತ ಮೊದಲು ಮೂರು ಸಂಗತಿ ನೋಡಿ: ಬಾಲದ ತುದಿ ಹೇಗಿದೆ, ರೆಕ್ಕೆ ಮಟ್ಟಸವೋ ಮೇಲೆತ್ತಿದೆಯೋ, ಹಾರುವ ರೀತಿ ಏನು. ಕಾಗೆಗಳು ಗುಂಪಾಗಿ ಕೂಗುತ್ತಾ ಏನನ್ನೋ ಅಟ್ಟಿಸಿಕೊಂಡು ಹೋದರೆ ತಲೆ ಎತ್ತಿ ನೋಡಿ. ಬಹಳ ಸಲ ಮುಂದಿರೋದು ಬೇಟೆ ಹಕ್ಕಿಯೇ.

ಕಾಡಂಚಿನ ಊರಿನವರಿಗೆ ಹೊಸದಾಗಿ ಹೇಳಬೇಕಿಲ್ಲ, ಆದರೂ: ಹಕ್ಕಿ ನೋಡುವ ಹುಮ್ಮಸ್ಸಿನಲ್ಲಿ ಸಂಜೆ ಹಿನ್ನೀರಿನ ಕಡೆ, ಕಂದಕದ ಆಚೆ ಹೋಗಬೇಡಿ. ಆನೆ, ಹುಲಿ ಓಡಾಡುವ ಜಾಗ.

ಕಲ್ಲಿಗಿಂತ ಇಲಿ ಪಾಷಾಣವೇ ಅಪಾಯ

ಎಸೆದ ಕಲ್ಲು ತಪ್ಪಬಹುದು. ಇಲಿ ಪಾಷಾಣ ತಪ್ಪೋದಿಲ್ಲ. ಅಂಗಡಿಯಲ್ಲಿ ಸಿಗುವ ಬ್ರೊಮಾಡಿಯೋಲಾನ್ ಬಿಲ್ಲೆ ತಿಂದ ಇಲಿ ತಕ್ಷಣ ಸಾಯೋದಿಲ್ಲ. ಕೆಲವು ದಿನ ಮಂಕಾಗಿ ಓಡಾಡಿಕೊಂಡಿದ್ದು, ಒಳಗೇ ರಕ್ತಸ್ರಾವವಾಗಿ ಸಾಯುತ್ತದೆ. ಆ ದಿನಗಳಲ್ಲಿ ಅದನ್ನು ಹಿಡಿಯೋದು ಸುಲಭ. ಹಿಡಿದ ಹಕ್ಕಿಯ ಮೈಗೂ ಅದೇ ವಿಷ ಸೇರುತ್ತದೆ. ಗೂಬೆಗೂ ಇದೇ ಗತಿ. ಇಲಿ ತಿನ್ನುವವರು ಕಡಿಮೆಯಾದರೆ ಮುಂದಿನ ಬೆಳೆಗೆ ಇಲಿ ಕಾಟ ರೈತನಿಗೇ.

ಹುಲ್ಲುಗಾವಲು ಕಡಿಮೆಯಾಗಿರುವುದೂ ಹ್ಯಾರಿಯರ್‌ಗಳಿಗೆ ಪೆಟ್ಟು ಕೊಟ್ಟಿದೆ. ಅವು ರಾತ್ರಿ ಮಲಗೋದು ಮರದಲ್ಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ. ಆಂಧ್ರದ ರೊಳ್ಳಪಾಡು ಹುಲ್ಲುಗಾವಲಿನಲ್ಲಿ ಒಂದು ಕಾಲಕ್ಕೆ ನೂರಾರು ಹ್ಯಾರಿಯರ್ ತಂಗುತ್ತಿದ್ದವು. ಆ ಸಂಖ್ಯೆ ಈಗ ಬಹಳ ಇಳಿದಿದೆ. ಬೇಲಿ ಸಾಲಿನ, ಕೆರೆ ಅಂಗಳದ ಒಣ ಹುಲ್ಲಿಗೆ ಸುಮ್ಮನೆ ಬೆಂಕಿ ಇಡುವ ಮೊದಲು ಇದನ್ನು ನೆನಪಿಡಬೇಕು.

ಮರಿಯೂ ಉಳಿಯಲಿ, ಹಕ್ಕಿಯೂ ಉಳಿಯಲಿ

* ಮೊದಲ ನಾಲ್ಕೈದು ವಾರ ಕೋಳಿಮರಿಗಳನ್ನು ಮಂಕರಿಯಡಿ ಅಥವಾ ಬಲೆ ಹಾಕಿದ ಗೂಡಿನಲ್ಲಿ ಇಡಿ. ಬಯಲಿಗಿಂತ ಗಿಡದ ನೆರಳಿನಲ್ಲಿ ಮೇಯಲು ಬಿಡಿ.
* ಇಲಿಗೆ ವಿಷದ ಬದಲು ಬೋನು ಇಡಿ. ವಿಷ ಇಟ್ಟಿದ್ದರೆ ದಿನಾ ಹುಡುಕಿ, ಸತ್ತ ಇಲಿಯನ್ನು ಆಳವಾಗಿ ಹೂಳಿ.
* ಹೊಲದ ನಡುವೆ ಅಲ್ಲಲ್ಲಿ ಅಡ್ಡಪಟ್ಟಿ ಕಟ್ಟಿದ ಗೂಟ ನೆಡಿ. ಹಕ್ಕಿ ಕೂತು ಹುಳ, ಇಲಿ ಹಿಡಿಯಲಿ ಅಂತಲೇ ಇದನ್ನು ಸಮಗ್ರ ಕೀಟ ನಿರ್ವಹಣೆಯಲ್ಲೂ ಹೇಳುತ್ತಾರೆ.
* ಗಾಯಗೊಂಡ ಹಕ್ಕಿ ಸಿಕ್ಕರೆ ಬಟ್ಟೆ ಮುಚ್ಚಿ, ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಲ್ಲಿ ಇಡಿ. ಬಾಯಿಗೆ ನೀರು ಹುಯ್ಯಬೇಡಿ. ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ತಿಳಿಸಿ. ಬೇಟೆ ಹಕ್ಕಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹೊಡೆಯೋದು, ಸಾಕಿಕೊಳ್ಳೋದು ಎರಡೂ ಅಪರಾಧ.

ನೋಡಿದ್ದನ್ನು ಬರೆದಿಡಿ

ಮೈಸೂರಿನ ಪಕ್ಷಿ ವೀಕ್ಷಕರು ಸೇರಿ 2014ರಿಂದ 2016ರ ನಡುವೆ ಇಡೀ ನಗರವನ್ನು ಚೌಕಗಳಾಗಿ ಹಂಚಿಕೊಂಡು ಎಲ್ಲೆಲ್ಲಿ ಯಾವ ಹಕ್ಕಿ ಇದೆ ಅಂತ ನಕಾಶೆ ತಯಾರಿಸಿದರು. ಹಳ್ಳಿಯ ಹಿತ್ತಲಿಂದ ಬರೆದ ಟಿಪ್ಪಣಿಗೂ ಅಷ್ಟೇ ಬೆಲೆ. ತಾರೀಕು, ಸಮಯ, ಊರು, ಎಷ್ಟು ಹಕ್ಕಿ, ಏನು ಮಾಡುತ್ತಿತ್ತು ಎಂದು ನೋಟ್‌ಬುಕ್‌ನಲ್ಲಿ ಬರೆದರೆ ಸಾಕು. ಮೊಬೈಲ್ ಇರುವವರು ಇ-ಬರ್ಡ್ ಆ್ಯಪ್‌ಗೆ ಉಚಿತವಾಗಿ ಹಾಕಬಹುದು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ ಶಾಲಾ ಮಕ್ಕಳೂ ಸೇರಬಹುದು. 15 ನಿಮಿಷ ಎಣಿಸಿದರೂ ಲೆಕ್ಕಕ್ಕೆ ಬರುತ್ತದೆ. ಹ್ಯಾರಿಯರ್‌ಗಳು ರಾತ್ರಿ ತಂಗುವ ಜಾಗ ಗೊತ್ತಾದರೆ ಮಾತ್ರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಡಿ. ಜನ ನುಗ್ಗಿದರೆ ಅವು ಜಾಗ ಬಿಡುತ್ತವೆ.

ಮುಂದಿನ ಸಲ ಹಿತ್ತಲ ಮೇಲೆ ನೆರಳು ಹಾದಾಗ ಮರಿಗಳನ್ನು ಮುಚ್ಚಿ, ತಪ್ಪಿಲ್ಲ. ಕಲ್ಲು ಎತ್ತುವ ಮೊದಲು ಮಾತ್ರ ಬಾಲದ ತುದಿ ಒಮ್ಮೆ ನೋಡಿ.